ವಿಮಾನದ ಟಿಕೆಟ್ ದರ, ಮೈಲ್ಸ್ ಲೆಕ್ಕ: ಒಟ್ಟಿಗೆ ಓದಬೇಕಾದ ಪಾಠ

ಅಗ್ಗದ ಟಿಕೆಟ್ ಹುಡುಕುವುದು ಒಂದು ವಿಷಯ, ಪಾಯಿಂಟ್ಸ್ (ಹಾರಿದ್ದಕ್ಕೆ ವಿಮಾನ ಕಂಪನಿ ಕೊಡುವ, ಮುಂದೆ ಟಿಕೆಟ್‌ಗೆ ಬಳಸಬಹುದಾದ ಅಂಕಗಳು; ಮೈಲ್ಸ್ ಅಂತಲೂ ಕರೆಯುತ್ತಾರೆ) ಬಳಸುವುದು ಇನ್ನೊಂದು ಅಂತ ಬೇರೆ ಬೇರೆ ಓದಿದರೆ ಎರಡೂ ಅರ್ಧಂಬರ್ಧ ತಲೆಗೆ ಹೋಗುತ್ತವೆ. ಎರಡಕ್ಕೂ ಬೇರು ಒಂದೇ: ಫೇರ್ ಕ್ಲಾಸ್. ಅಲ್ಲಿಂದಲೇ ಶುರು ಮಾಡೋಣ.

ಎಕಾನಮಿಯ ಸೀಟುಗಳು ನೋಡಲು ಒಂದೇ ಥರ ಇದ್ದರೂ ಕಂಪನಿ ಅವನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತದೆ. ಈ ಗುಂಪೇ ಫೇರ್ ಕ್ಲಾಸ್. ಗುಂಪಿಗೊಂದು ಅಕ್ಷರ. 'ವೈ' ಅಂದರೆ ಸಾಮಾನ್ಯವಾಗಿ ಪೂರ್ತಿ ದರದ ಎಕಾನಮಿ. ಉಳಿದ ಅಕ್ಷರಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅಗ್ಗದ ಗುಂಪು ಖಾಲಿಯಾದರೆ ಮುಂದಿನ ಗುಂಪಿನ ದರ ಕಾಣುತ್ತದೆ. ಸೀಟು ಖರ್ಚಾಗುತ್ತಿಲ್ಲ ಅಂದರೆ ಅಗ್ಗದ ಗುಂಪನ್ನು ಮತ್ತೆ ತೆರೆಯುವುದೂ ಉಂಟು. ಹಾಗಾಗಿ ವಾರದ ಇಂಥ ದಿನವೇ ಬುಕ್ ಮಾಡಿ ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಹಾರುವ ದಿನವನ್ನು ಆಚೀಚೆ ಸರಿಸಿ ನೋಡುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಗೂಗಲ್ ಫ್ಲೈಟ್ಸ್‌ನಲ್ಲಿ ದಿನವಾರು ದರದ ಕ್ಯಾಲೆಂಡರ್ ಇದೆ, ದರ ಬದಲಾದರೆ ಇಮೇಲ್ ಬರುವಂತೆ ಇಟ್ಟುಕೊಳ್ಳಲೂಬಹುದು.

ಕುಟುಂಬದ ಜೊತೆ ಹೋಗುವವರು ಇದನ್ನು ಚೆನ್ನಾಗಿ ಗಮನಿಸಿ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿವೆ, ನೀವು ನಾಲ್ವರು ಅಂತ ಇಟ್ಟುಕೊಳ್ಳಿ. ನಾಲ್ವರಿಗೂ ಒಟ್ಟಿಗೆ ಹುಡುಕಿದರೆ, ನಾಲ್ಕು ಸೀಟೂ ಇರುವ ದುಬಾರಿ ಗುಂಪಿನ ದರವನ್ನೇ ಎಲ್ಲರಿಗೂ ತೋರಿಸುವುದು ಸಾಮಾನ್ಯ. ಆದ್ದರಿಂದ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಕೊನೆಗೆ ನಾಲ್ವರಿಗೆ. ತಲಾ ದರ ಎಲ್ಲಿ ಜಿಗಿಯಿತು ಅಂತ ಆಗ ಗೊತ್ತಾಗುತ್ತದೆ. ಎರಡು ಬುಕಿಂಗ್ ಮಾಡಿ ಉಳಿಸಬಹುದು. ಆದರೆ ವಿಮಾನ ರದ್ದಾದರೆ ಇಬ್ಬರನ್ನು ಒಂದು ವಿಮಾನಕ್ಕೆ, ಇನ್ನಿಬ್ಬರನ್ನು ಮತ್ತೊಂದಕ್ಕೆ ಹಾಕುವ ಸಾಧ್ಯತೆ ಇದೆ. ಚಿಕ್ಕ ಮಕ್ಕಳಿದ್ದರೆ ನಾನಂತೂ ಈ ದಾರಿ ಹೇಳುವುದಿಲ್ಲ.

ಈಗ ಪಾಯಿಂಟ್ಸ್. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಯೋಜನೆ ಶುರು ಮಾಡಿದಾಗ ಎಷ್ಟು ಮೈಲಿ ಹಾರಿದಿರೋ ಅಷ್ಟು ಮೈಲ್ಸ್ ಅನ್ನುವ ಲೆಕ್ಕವಿತ್ತು. 2015ರಲ್ಲಿ ಡೆಲ್ಟಾ ಕೊಟ್ಟ ಹಣಕ್ಕೆ ತಕ್ಕಂತೆ ಮೈಲ್ಸ್ ಕೊಡಲು ತೊಡಗಿತು, ಬೇರೆ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ದೂರದ ಲೆಕ್ಕ ಉಳಿದಿರುವ ಕಡೆ ಅಗ್ಗದ ಫೇರ್ ಕ್ಲಾಸ್‌ಗೆ ಕಾಲು ಭಾಗ ಮಾತ್ರ ಸಿಗುವುದೋ ಏನೂ ಸಿಗದಿರುವುದೋ ಹೊಸದಲ್ಲ. ಪಾಯಿಂಟ್ಸ್ ಆಸೆಗೆ ದುಬಾರಿ ಟಿಕೆಟ್ ಕೊಳ್ಳುವುದು ಬಹುಪಾಲು ಸಲ ನಷ್ಟವೇ.

ಪಾಯಿಂಟ್ಸ್ ಖರ್ಚು ಮಾಡುವ ಮುಂಚೆ ಪ್ರತಿ ಸಲವೂ ಈ ಲೆಕ್ಕ ಹಾಕಿ:

(ಹಣದ ಟಿಕೆಟ್ ದರ − ಪಾಯಿಂಟ್ಸ್ ಟಿಕೆಟ್‌ಗೆ ಕಟ್ಟಬೇಕಾದ ತೆರಿಗೆ, ಶುಲ್ಕ) ÷ ಬೇಕಾಗುವ ಪಾಯಿಂಟ್ಸ್

ಒಂದು ದಿನ ಟಿಕೆಟ್ 12,000 ರೂಪಾಯಿ ಇದೆ. ಪಾಯಿಂಟ್ಸ್‌ನಲ್ಲಾದರೆ 20,000 ಪಾಯಿಂಟ್ಸ್, ಮೇಲೆ 4,000 ಶುಲ್ಕ. 8,000 ಅನ್ನು 20,000ದಿಂದ ಭಾಗಿಸಿದರೆ 0.40, ಅಂದರೆ ಒಂದು ಪಾಯಿಂಟ್‌ಗೆ 40 ಪೈಸೆ. ಇನ್ನೊಂದು ದಿನ ಅದೇ ಸೀಟು 26,000ಕ್ಕೆ ಏರಿದೆ, ಪಾಯಿಂಟ್ಸ್ ಮತ್ತು ಶುಲ್ಕ ಮಾತ್ರ ಅಷ್ಟೇ. ಈಗ 1.10. ಮೊದಲ ದಿನ ಹಣ ಕೊಡಿ, ಎರಡನೆಯ ದಿನ ಪಾಯಿಂಟ್ಸ್ ಬಳಸಿ. ಒಂದು ಎಚ್ಚರ ಬೇಕು: ಆ 26,000 ಅನ್ನು ನೀವು ಕೈಯಿಂದ ನಿಜವಾಗಿಯೂ ಕೊಡುತ್ತಿದ್ದಿರಾ? ಇಲ್ಲ ಅಂದರೆ 1.10 ಸುಮ್ನೆ ಕಾಗದದ ಮೇಲಿನ ಲಾಭ. ಬಿಸಿನೆಸ್ ಕ್ಲಾಸ್ ಲೆಕ್ಕಗಳು ಅಷ್ಟು ಚಂದ ಕಾಣುವುದು ಇದೇ ಕಾರಣಕ್ಕೆ.

ಎಷ್ಟೋ ಯೋಜನೆಗಳಲ್ಲಿ ಈಗ ಟಿಕೆಟ್ ದರ ಏರಿದಂತೆ ಪಾಯಿಂಟ್ಸ್ ಕೂಡ ಏರುತ್ತವೆ. ಅಲ್ಲಿ ಈ ಭಾಗಾಕಾರದ ಉತ್ತರ ಹೆಚ್ಚು ಕದಲುವುದಿಲ್ಲ. ಆಗ ಪಾಲುದಾರ ಕಂಪನಿಗಳ ಕಡೆ ನೋಡಿ. ಸ್ಟಾರ್ ಅಲಯನ್ಸ್ (1997), ಒನ್‌ವರ್ಲ್ಡ್ (1999), ಸ್ಕೈಟೀಮ್ (2000), ಈ ಮೂರು ಕೂಟಗಳ ಒಳಗೆ ಒಂದರ ಪಾಯಿಂಟ್ಸ್‌ನಿಂದ ಇನ್ನೊಂದರ ವಿಮಾನ ಹತ್ತಬಹುದು. ಅದೇ ಸೀಟಿಗೆ ಒಂದು ಯೋಜನೆ ಕೇಳುವುದು ಬೇರೆ, ಇನ್ನೊಂದು ಕೇಳುವುದು ಬೇರೆ. ಶುಲ್ಕವೂ ಅಷ್ಟೇ. ಹಾರುವ ಕಂಪನಿಯ ವೆಬ್‌ಸೈಟ್ ಒಂದನ್ನೇ ನೋಡಿ ನಿಲ್ಲಿಸಬೇಡಿ.

ಕೂಡಿಡುವ ಆಸೆಯನ್ನೂ ಹದ್ದುಬಸ್ತಿನಲ್ಲಿಡಿ. ಸಿಂಗಾಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ ಸಾಮಾನ್ಯ ಸದಸ್ಯರಿಗೆ 3 ವರ್ಷ ಆಯಸ್ಸು. ಡೆಲ್ಟಾ ಮೈಲ್ಸ್‌ಗೆ ಗಡುವಿಲ್ಲ, ಆದರೆ ಗಡುವಿಲ್ಲದ ಮೈಲ್ಸ್‌ನ ಬೆಲೆಯನ್ನೂ ಕಂಪನಿ ಯಾವಾಗ ಬೇಕಾದರೂ ಇಳಿಸಬಹುದು ಅಲ್ವಾ?

ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಇದ್ದವರು ಅವನ್ನು ಕಾರ್ಡ್‌ನಲ್ಲೇ ಇರಲು ಬಿಡಿ. ವಿಮಾನ ಕಂಪನಿಗೆ ಒಮ್ಮೆ ವರ್ಗಾಯಿಸಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಮೊದಲು ಪಾಯಿಂಟ್ಸ್‌ಗೆ ಸಿಗುವ ಸೀಟು ನಿಮಗೆ ಬೇಕಾದ ದಿನ ಇದೆಯಾ ನೋಡಿ, ವರ್ಗಾವಣೆಗೆ ನಿಮಿಷ ಸಾಕೋ ದಿನಗಳು ಬೇಕೋ ತಿಳಿದುಕೊಳ್ಳಿ, ಆಮೇಲೆ ಕಳಿಸಿ. ಕೆಲವು ಕಂಪನಿಗಳು ಪಾಯಿಂಟ್ಸ್ ಸೀಟನ್ನು ಫೋನ್‌ನಲ್ಲಿ ಕೇಳಿದರೆ ಕೆಲ ಕಾಲ ಹಿಡಿದಿಡುತ್ತವೆ. ವರ್ಗಾವಣೆ ತಡವಾಗುವಂತಿದ್ದರೆ ಆ ಫೋನ್ ಮಾಡಿಯೇ ಮುಂದುವರಿಯಿರಿ.