ಕಾರು ಗುಂಯ್‌ಗುಟ್ಟಿದರೆ ಗೇರ್‌ಬಾಕ್ಸೇ ಇಳಿಸಬೇಕೇ?

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಡೀಸೆಲ್ ಕಾರು. ಆಕ್ಸಿಲರೇಟರ್ ಒತ್ತಿದಂತೆಲ್ಲ ಬಾನೆಟ್ಟಿನೊಳಗಿಂದ ಗುಂಯ್ ಎಂಬ ಸದ್ದು ಏರುತ್ತದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ನೋಡಬೇಕು ಅನ್ನುತ್ತಾರೆ. ಏನು ಮಾಡಲಿ? (ಬದಿಯಡ್ಕದ ಓದುಗರೊಬ್ಬರು)

ಉತ್ತರ: ಸದ್ಯಕ್ಕೆ ಇಳಿಸಬೇಡಿ. ಅದು ಕೊನೆಯ ಕೆಲಸ. ಅದಕ್ಕೂ ಮೊದಲು ನಿಮ್ಮ ಅಂಗಳದಲ್ಲೇ ಅರ್ಧ ಗಂಟೆಯ ಪರೀಕ್ಷೆ ಬಾಕಿ ಇದೆ. ಅಡಿಕೆ ಹರಡದ ದಿನ ನೋಡಿಕೊಳ್ಳಿ, ಅಷ್ಟೆ.

ಸದ್ದು ಇಂಜಿನ್ನಿಗೆ ಅಂಟಿಕೊಂಡದ್ದೋ ಚಕ್ರಕ್ಕೋ ಎಂಬುದು ಮೊದಲು ಗೊತ್ತಾಗಬೇಕು. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಂತಲ್ಲೇ ರೇಸ್ ಕೊಡಿ. ಆಗ ಸದ್ದೇ ಇಲ್ಲ, ಪೆರ್ಲ ರಸ್ತೆಯಲ್ಲಿ ಓಡುವಾಗ ಮಾತ್ರ ಬರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ನಿಲ್ಲುವುದಿಲ್ಲ ಎಂದಾದರೆ ಇಂಜಿನ್ನನ್ನು ಮರೆತು ಚಕ್ರದ ಬೇರಿಂಗ್, ಟೈರು ನೋಡಿಸಿ. ಬಲಕ್ಕೆ ತಿರುಗುವಾಗ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಅನುಮಾನ ಎಡಗಡೆಯ ಬೇರಿಂಗಿನ ಮೇಲೆ.

ನಿಂತಲ್ಲೇ ಸದ್ದು ಬರುತ್ತದೆಯೇ? ಹಾಗಾದರೆ ನ್ಯೂಟ್ರಲ್‌ನಲ್ಲೇ ಇಂಜಿನ್ ಓಡುತ್ತಿರುವಾಗ ಕ್ಲಚ್ ಪೂರ್ತಿ ತುಳಿಯಿರಿ. ನಿಮ್ಮ ಪ್ರಶ್ನೆಗೆ ಇದೇ ಮುಖ್ಯ ಪರೀಕ್ಷೆ. ತುಳಿದ ಕೂಡಲೇ ಸದ್ದು ಅಡಗಿದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಸಂಶಯ ಪಡಬಹುದು. ತುಳಿದಾಗಲೇ ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಎರಡೂ ಅಲ್ಲ, ಸದ್ದು ಇದ್ದ ಹಾಗೇ ಇದೆ ಅಂದರೆ ಗೇರ್‌ಬಾಕ್ಸಿನ ಮಾತು ಬಿಟ್ಟು ಬೆಲ್ಟಿನ ಕಡೆ ಬನ್ನಿ. (ರಿವರ್ಸ್‌ನಲ್ಲಿ ಮಾತ್ರ ಗುಂಯ್ ಎನ್ನುವುದು ಕಾಯಿಲೆಯಲ್ಲ. ಹೆಚ್ಚಿನ ಗಾಡಿಗಳಲ್ಲಿ ಆ ಗೇರಿನ ಹಲ್ಲುಗಳು ನೇರ ಕೊರೆದವು, ಹಾಗಾಗಿ ಗಲಾಟೆ ಜಾಸ್ತಿ.)

ಆಲ್ಟರ್ನೇಟರ್ (ಬ್ಯಾಟರಿಗೆ ಕರೆಂಟು ತುಂಬುವ ಯಂತ್ರ), ಎ.ಸಿ. ಕಂಪ್ರೆಸರ್, ಹಲವು ಗಾಡಿಗಳಲ್ಲಿ ನೀರಿನ ಪಂಪು ಕೂಡ ಒಂದೇ ಬೆಲ್ಟಿನಲ್ಲಿ ತಿರುಗುತ್ತವೆ; ಜೊತೆಗೆ ಟೆನ್ಷನರ್, ಐಡ್ಲರ್ ಎಂಬ ಬರೀ ಉರುಳುವ ಪುಲ್ಲಿಗಳು. ಇವುಗಳ ಬೇರಿಂಗ್ ಸವೆದರೆ ನೀವು ಹೇಳಿದಂಥದೇ ಸದ್ದು. ಒಂದೊಂದಕ್ಕೇ ಭಾರ ಹಾಕಿ ನೋಡಿ. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದಾಗ ಸದ್ದು ಗಟ್ಟಿಯಾದರೆ ಆಲ್ಟರ್ನೇಟರ್. ಎ.ಸಿ. ಹಾಕಿದಾಗ ಮಾತ್ರ ಬದಲಾದರೆ ಕಂಪ್ರೆಸರ್. ಎಣ್ಣೆಯ ಪವರ್ ಸ್ಟೀರಿಂಗ್ ಇದ್ದು, ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿದಾಗ ನರಳಿದರೆ ಅದರ ಡಬ್ಬಿ ತೆರೆದು ನೋಡಿ: ಎಣ್ಣೆ ಇಳಿದಿರಬಹುದು, ಇಲ್ಲವೇ ಗಾಳಿ ಹೊಕ್ಕು ನೊರೆ ಎದ್ದಿರಬಹುದು. ಕೈಗೆ ಸಿಕ್ಕಿದ ಎಣ್ಣೆ ಹೊಯ್ಯಬೇಡಿ, ಮುಚ್ಚಳದಲ್ಲಿ ಬರೆದದ್ದೇ ಆಗಬೇಕು. ಎಲೆಕ್ಟ್ರಿಕ್ ಸ್ಟೀರಿಂಗ್ ಆದರೆ ಈ ಡಬ್ಬಿಯೇ ಇರುವುದಿಲ್ಲ.

ಆಟಿಯ ಮಳೆಗೆ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಕೀಚೆಂದು ಕಿರುಚಿ ಎರಡು ನಿಮಿಷದಲ್ಲಿ ಸುಮ್ಮನಾಗುವುದು ಹೆಚ್ಚಾಗಿ ಒದ್ದೆ ಬೆಲ್ಟು ಜಾರುವ ಸದ್ದು, ಅದು ಬೇರೆ. ಬೇರಿಂಗಿನದ್ದು ಇಂಜಿನ್ ಬಿಸಿಯಾದ ಮೇಲೂ ಬಿಡುವುದಿಲ್ಲ. ಬೆಲ್ಟಿಗೆ ಹೊಡೆಯುವ ಸ್ಪ್ರೇಗಳ ಮೇಲೆ ನನಗೆ ನಂಬಿಕೆಯಿಲ್ಲ. ಸದ್ದು ನಾಲ್ಕು ದಿನ ಮುಚ್ಚಿಡುತ್ತವೆ, ದೋಷ ಅಲ್ಲೇ ಇರುತ್ತದೆ.

ಡೀಸೆಲ್ ಆದ್ದರಿಂದ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋವನ್ನೂ ನೆನಪಿಡಿ. ಏರಿನಲ್ಲಿ ಎಳೆಯುವಾಗ ಸಣ್ಣ ಸಿಳ್ಳು ಸಹಜ. ಸಿಳ್ಳು ಸೈರನ್ನಿನಷ್ಟಾಗಿ, ಎಳೆತ ಕುಗ್ಗಿ, ಕಪ್ಪು ಹೊಗೆ ಬಂದರೆ ಗಾಳಿಯ ಪೈಪು ಬಿರಿದಿರಬಹುದು.

ಗ್ಯಾರೇಜಿಗೆ ಹೋದಾಗ ಮಲಯಾಳದಲ್ಲಿ ಬರೀ ‘ಒಚ್ಚ ಉಂಡ್’ (ಸದ್ದಿದೆ) ಎಂದರೆ ಸಾಲದು. ‘ಮೂಳಲ್’ (ಗುಂಯ್‌ಗುಟ್ಟುವುದು) ಎನ್ನಿ, ಯಾವಾಗ ಬರುತ್ತದೆ ಎಂದೂ ಹೇಳಿ. ಬೆಲ್ಟು ತೆಗೆದು ಅರ್ಧ ನಿಮಿಷ ಮಾತ್ರ ಇಂಜಿನ್ ಓಡಿಸಿ ನೋಡಲು ಕೇಳಿಕೊಳ್ಳಿ. ನೀರಿನ ಪಂಪೂ ನಿಂತಿರಬಹುದಾದ್ದರಿಂದ ಹೆಚ್ಚು ಹೊತ್ತು ಬೇಡ. ಸದ್ದು ಮಾಯವಾದರೆ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದಾಗ ಕೆಟ್ಟದ್ದು ಬೆರಳಿಗೆ ಗರಗರ ಸಿಗುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಓಡುವ ಬೆಲ್ಟಿನ ಹತ್ತಿರ ಮುಂಡು, ಶಾಲು ಸುಳಿಯಲೇ ಬಾರದು.

ದಾರಿಯಲ್ಲಿ ಸದ್ದಿನ ಜೊತೆ ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಅಥವಾ ಇಂಜಿನ್ ಬಿಸಿಯೇರಿದರೆ ಅಲ್ಲೇ ನಿಲ್ಲಿಸಿ, ಮನೆ ಹತ್ತಿರ ಇದೆ ಎಂದು ಎಳೆಯಬೇಡಿ.

ಕ್ಲಚ್ ಪರೀಕ್ಷೆಯಲ್ಲಿ ಗೇರ್‌ಬಾಕ್ಸೇ ಸಿಕ್ಕಿಬಿದ್ದರೂ ಮೊದಲು ಗೇರ್ ಆಯಿಲ್ ಮಟ್ಟ ನೋಡಿಸಿ. ಅದು ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಇಳಿಸಲಿ, ಹಾಗೆಯೇ ಕ್ಲಚ್ ಪ್ಲೇಟನ್ನೂ ಒಮ್ಮೆ ನೋಡಿಬಿಡಲಿ.