ನಿಧಾನ ಬಡಿತದ ಲೆಕ್ಕಾಚಾರ

ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದರೆ ವಿಶ್ರಾಂತಿಯಲ್ಲಿನ ಹೃದಯ ಬಡಿತ ಸಿಗುತ್ತದೆ. ವಯಸ್ಕರಲ್ಲಿ ಅದು 60ರಿಂದ 100ರೊಳಗಿದ್ದರೆ ಸಹಜ ಎನ್ನುವುದು ರೂಢಿ. ಆದರೆ ಹೃದ್ರೋಗಿಯ ವಿಷಯದಲ್ಲಿ 62 ಮತ್ತು 92 ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ಇದಕ್ಕೆ ಕಾರಣ, ಹೃದಯದ ಸ್ನಾಯುವಿಗೆ ರಕ್ತ ಸಿಗುವ ಹೊತ್ತು. ಎಡ ಹೃತ್ಕುಕ್ಷಿ, ಅಂದರೆ ದೇಹಕ್ಕೆಲ್ಲ ರಕ್ತ ನೂಕುವ ಎಡಗಡೆಯ ಕೆಳ ಕೋಣೆ, ಸಂಕುಚಿಸುವಾಗ ತನ್ನ ಗೋಡೆಯೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಹಿಂಡಿಬಿಡುತ್ತದೆ. ಹಾಗಾಗಿ ಅದರ ಪಾಲಿನ ರಕ್ತ ಬಹುಮಟ್ಟಿಗೆ ಹರಿಯುವುದು ಅದು ಸಡಿಲಗೊಂಡಾಗ. ನಿಮಿಷಕ್ಕೆ 60 ಬಡಿತವಿದ್ದರೆ ಒಂದು ಬಡಿತಕ್ಕೆ ಒಂದು ಸೆಕೆಂಡು, ಅದರಲ್ಲಿ ಸಂಕುಚನಕ್ಕೆ ಸುಮಾರು 0.3 ಸೆಕೆಂಡು, ಉಳಿದದ್ದೆಲ್ಲ ಸಡಿಲಿಕೆಗೆ. ಬಡಿತ 100ಕ್ಕೆ ಏರಿದರೆ ಒಟ್ಟು ಅವಧಿ 0.6 ಸೆಕೆಂಡಿಗೆ ಇಳಿಯುತ್ತದೆ, ಸಂಕುಚನದ ಅವಧಿ ಮಾತ್ರ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಕಡಿತವೆಲ್ಲ ಸಡಿಲಿಕೆಯ ಪಾಲಿಗೆ ಬಿದ್ದು ಅದು ಸುಮಾರು ಅರ್ಧವಾಗುತ್ತದೆ. ದುಡಿಮೆ ಹೆಚ್ಚು, ಊಟದ ಹೊತ್ತು ಕಡಿಮೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ಧಮನಿ ಮೊದಲೇ ಕಿರಿದಾಗಿರುವವರಿಗೆ ಎದೆನೋವು ಬರಲು ಇಷ್ಟು ಸಾಕು.

ರಕ್ತದ ಪೂರೈಕೆ ಹೆಚ್ಚಿಸಲು ಹೆಣಗುವ ಬದಲು ಹೃದಯದ ಬೇಡಿಕೆಯನ್ನೇ ತಗ್ಗಿಸಿದರೇನು ಎಂದು ಯೋಚಿಸಿದವರು ಬ್ರಿಟಿಷ್ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್. 1960ರ ದಶಕದಲ್ಲಿ ಅವರ ಪ್ರಯತ್ನದಿಂದ ಬಂದ ಪ್ರೊಪ್ರನೊಲಾಲ್ ಎಂಬ ಮದ್ದು, ಬಡಿತದ ವೇಗ ಹೆಚ್ಚಿಸುವ ಹಾರ್ಮೋನಾದ ಅಡ್ರಿನಲಿನ್‌ನ ಪ್ರಚೋದನೆಯಿಂದ ಹೃದಯವನ್ನು ಮರೆಮಾಡುತ್ತಿತ್ತು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಮೆಟೊಪ್ರೊಲಾಲ್, ಬೈಸೊಪ್ರೊಲಾಲ್ ಮಾತ್ರೆಗಳು ಅದೇ ಬೀಟಾ ಬ್ಲಾಕರ್ ಬಳಗದವು.

ಈ ಮಾತ್ರೆಗಳು ಬಡಿತದ ಜೊತೆಗೆ ರಕ್ತದೊತ್ತಡವನ್ನೂ ಸಂಕುಚನದ ಬಲವನ್ನೂ ತಗ್ಗಿಸುತ್ತವೆ. ಹಾಗಿದ್ದ ಮೇಲೆ ರೋಗಿಗೆ ಆದ ಉಪಕಾರ ಯಾವುದರಿಂದ? ಬಡಿತವನ್ನಷ್ಟೇ ಇಳಿಸುವ ಮದ್ದು ಸಿಗುವ ತನಕ ಇದನ್ನು ಬಿಡಿಸಿ ನೋಡುವುದು ಕಷ್ಟವಾಗಿತ್ತು. ಬಡಿತದ ಲಯ ಹುಟ್ಟುವುದು ಬಲ ಹೃತ್ಕರ್ಣದ (ಹೃದಯದ ಬಲಗಡೆಯ ಮೇಲಿನ ಕೋಣೆಯ) ಮೇಲ್ಭಾಗದಲ್ಲಿರುವ ಸೈನಸ್ ನೋಡ್‌ನಲ್ಲಿ. ಅಲ್ಲಿನ ಜೀವಕೋಶಗಳಲ್ಲಿ ವಿಲಕ್ಷಣ ವಿದ್ಯುತ್ ಪ್ರವಾಹವೊಂದು 1979ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರಿಗೆ ಕಂಡುಬಂತು. ಇತರ ಪ್ರವಾಹಗಳು ಸಾಮಾನ್ಯವಾಗಿ ಶುರುವಾಗುವುದಕ್ಕೆ ತದ್ವಿರುದ್ಧ ಸನ್ನಿವೇಶದಲ್ಲಿ ಇದು ಶುರುವಾಗುತ್ತಿದ್ದುದರಿಂದ ಅದಕ್ಕೆ ‘ಫನ್ನಿ’ ಎಂಬ ಹೆಸರೇ ಅಂಟಿಕೊಂಡಿತು. ವಿಜ್ಞಾನಿಗಳೂ ಒಮ್ಮೊಮ್ಮೆ ನಮ್ಮ ಹಾಗೆಯೇ ಹೆಸರಿಡುತ್ತಾರೆ. ಈ ಪ್ರವಾಹಕ್ಕೆ ತಡೆಯೊಡ್ಡುವ ಮದ್ದೇ ಇವಾಬ್ರಡೀನ್. ಇದೇ ಬಗೆಯ ಪ್ರವಾಹ ಕಣ್ಣಿನ ಅಕ್ಷಿಪಟಲದಲ್ಲೂ ಇರುವುದರಿಂದ, ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಬೆಳಕು ಥಟ್ಟನೆ ಬದಲಾದಾಗ ಕಣ್ಣೆದುರು ಮಿಂಚಿದಂತಾಗುತ್ತದೆ.

ಈ ಮದ್ದನ್ನು ಎರಡು ಬಗೆಯ ರೋಗಿಗಳಲ್ಲಿ ಒರೆಗೆ ಹಚ್ಚಿದಾಗ ಬಂದ ಉತ್ತರಗಳು ಬೇರೆಬೇರೆ. 2010ರ ‘ಶಿಫ್ಟ್’ ಅಧ್ಯಯನದಲ್ಲಿದ್ದವರು ಹೃದಯ ವೈಫಲ್ಯದ (ಹೃದಯಕ್ಕೆ ಸಾಕಷ್ಟು ರಕ್ತ ನೂಕಲಾಗದ ಸ್ಥಿತಿಯ) 6,500ಕ್ಕೂ ಹೆಚ್ಚು ರೋಗಿಗಳು. ಬಹುಪಾಲು ಮಂದಿ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೂ ಬಡಿತ 70ಕ್ಕಿಂತ ಕೆಳಗಿಳಿದಿರಲಿಲ್ಲ. ಇವಾಬ್ರಡೀನ್ ಸೇರಿಸಿದಾಗ ಹೃದ್ರೋಗದ ಸಾವು ಅಥವಾ ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರುವ ಪ್ರಸಂಗಗಳು ಶೇ. 18ರಷ್ಟು ತಗ್ಗಿದವು. 2014ರ ‘ಸಿಗ್ನಿಫೈ’ ಅಧ್ಯಯನದಲ್ಲಿದ್ದವರು ಕರೋನರಿ ಕಾಯಿಲೆಯಿದ್ದರೂ ಹೃದಯ ವೈಫಲ್ಯವಿಲ್ಲದ 19,102 ಮಂದಿ. ಅಲ್ಲಿಯೂ ಇವಾಬ್ರಡೀನ್ ಪಡೆದವರ ಬಡಿತ ಸುಮಾರು 60ಕ್ಕೆ ಇಳಿಯಿತು. ಸಾವಾಗಲಿ, ಹೃದಯಾಘಾತವಾಗಲಿ ಇಳಿಯಲಿಲ್ಲ. ಎದೆನೋವಿನಿಂದ ದಿನನಿತ್ಯದ ಓಡಾಟಕ್ಕೂ ತೊಡಕಾಗಿದ್ದವರ ಗುಂಪಿನಲ್ಲಂತೂ ಅಪಾಯ ತುಸು ಹೆಚ್ಚೇ ಕಂಡಿತು. ಸೋತ ಹೃದಯಕ್ಕೆ ವೇಗದ ಬಡಿತವೇ ಒಂದು ಹೊರೆ. ಉಳಿದವರಲ್ಲಿ ಅದು ಬೇರೇನನ್ನೋ ತೋರಿಸುವ ಚಿಹ್ನೆಯಷ್ಟೇ ಇರಬಹುದು, ಚಿಹ್ನೆಯನ್ನು ಅಳಿಸಿದರೆ ರೋಗ ಅಳಿಯುವುದಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ.

ಹೃತ್ಕರ್ಣಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಸೈನಸ್ ನೋಡ್‌ನ ಮಾತೇ ನಡೆಯದ ಕಾರಣ ಇವಾಬ್ರಡೀನ್ ಕೆಲಸಕ್ಕೆ ಬಾರದು; ಬಡಿತ ತಗ್ಗಿಸಲು ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್ ಅಥವಾ ಡಿಗಾಕ್ಸಿನ್ ಬಳಸುತ್ತಾರೆ. ಅಲ್ಲಿ ಮಣಿಕಟ್ಟಿನ ಎಣಿಕೆಯನ್ನೂ ಪೂರ್ತಿ ನಂಬುವಂತಿಲ್ಲ: ದುರ್ಬಲವಾದ ಕೆಲವು ಬಡಿತಗಳು ಕೈವರೆಗೆ ತಲುಪುವುದೇ ಇಲ್ಲ. ಆದ್ದರಿಂದ ವೈದ್ಯರು ಎದೆಯ ಮೇಲೆ ಸ್ಟೆಥಾಸ್ಕೋಪ್ ಇಟ್ಟು ಎಣಿಸುತ್ತಾರೆ.

ನಾಡಿ 58ಕ್ಕೆ ಬಂತೆಂದು ಹೆದರಿಯೋ, ಮಾತ್ರೆ ತೀರಿತೆಂದೋ ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸುವವರಿದ್ದಾರೆ. ತಿಂಗಳುಗಟ್ಟಲೆ ಮದ್ದಿನ ಮರೆಯಲ್ಲಿದ್ದ ಹೃದಯ, ಅಡ್ರಿನಲಿನ್‌ಗೆ ಸ್ಪಂದಿಸುವ ಗ್ರಾಹಿಗಳನ್ನು ಅಷ್ಟರಲ್ಲಿ ಹೆಚ್ಚಿಸಿಕೊಂಡಿರುತ್ತದೆ. ಮರೆ ಸರಿದೊಡನೆ ಬಡಿತ ಹಿಂದಿಗಿಂತ ಜೋರಾಗಿ, ಎದೆನೋವು ಮರುಕಳಿಸಬಹುದು. ನಿಲ್ಲಿಸಲೇಬೇಕಾದಾಗ ವೈದ್ಯರು ವಾರಗಳ ಅವಧಿಯಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಇದಕ್ಕಾಗಿಯೇ.