ಬ್ಲ್ಯಾಕ್ ಆ್ಯಶ್ ಎಂದರೆ ‘ಕಪ್ಪು ಬೂದಿ ಮರ’ವೇ?

ಪ್ರಶ್ನೆ: ಅಮೆರಿಕದಲ್ಲಿ ಬ್ಲ್ಯಾಕ್ ಆ್ಯಶ್ ಎಂಬ ಮರ ಇದೆಯಂತೆ. ಅದಕ್ಕೆ ‘ಕಪ್ಪು ಬೂದಿ ಮರ’ ಅಂತ ಹೆಸರು ಯಾಕೆ ಬಂತು? ಸುಟ್ಟರೆ ಬೂದಿ ಕಪ್ಪಗಿರುತ್ತದೆಯೇ?

ಇರುವುದಿಲ್ಲ, ಮತ್ತು ಆ ಹೆಸರಿನಲ್ಲಿ ಬೂದಿಯೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮೊಬೈಲಿನ ಅನುವಾದ ನೋಡಿಕೊಂಡು ಮತ್ತೊಬ್ಬರು ಅದನ್ನೇ ಕೇಳುತ್ತಾರೆ. ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಇಂಗ್ಲಿಷಿನ ‘ಆ್ಯಶ್’ ಒಂದು ಪದವಲ್ಲ, ಎರಡು. ಮರದ ಹೆಸರಾದ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಈಟಿ ಎಂಬ ಅರ್ಥವೂ ಇತ್ತು. ಈಟಿಯ ಕೋಲು ಮಾಡುತ್ತಿದ್ದದ್ದು ಆ ಮರದಿಂದಲೇ. ಬೂದಿ ಎಂಬರ್ಥದ ಪದ ಉರಿಯುವುದಕ್ಕೆ ಸಂಬಂಧಿಸಿದ ಬೇರೆಯದೇ ಧಾತುವಿನಿಂದ ಬಂದದ್ದು. ಕಾಲಾಂತರದಲ್ಲಿ ಎರಡರ ಉಚ್ಚಾರ, ಕಾಗುಣಿತ ಒಂದೇ ಆದವು. ನಮ್ಮಲ್ಲಿ ‘ಅರಸು’ ಎಂದರೆ ದೊರೆಯೂ ಹೌದು, ಹುಡುಕು ಎಂದೂ ಹೌದು; ಅಷ್ಟಕ್ಕೇ ಯಾರೂ ದೊರೆಯನ್ನು ಹುಡುಕುವವನು ಎಂದುಕೊಳ್ಳುವುದಿಲ್ಲ.

ಇನ್ನೂ ಅನುಮಾನವಿದ್ದರೆ ಸಸ್ಯಶಾಸ್ತ್ರದ ಹೆಸರು ನೋಡಿ: ಫ್ರಾಕ್ಸಿನಸ್ ನೈಗ್ರಾ. ಅಮೆರಿಕದ ಸಸ್ಯಶಾಸ್ತ್ರಜ್ಞ ಹಂಫ್ರಿ ಮಾರ್ಷಲ್ 1785ರಲ್ಲಿ ಇಟ್ಟದ್ದು. ಫ್ರಾಕ್ಸಿನಸ್ ಎನ್ನುವುದು ಲ್ಯಾಟಿನ್ನಿನಲ್ಲಿ ಈ ಜಾತಿಯ ಮರದ ಹೆಸರು, ನೈಗ್ರಾ ಎಂದರೆ ಕಪ್ಪು. ಬೂದಿಗೆ ಲ್ಯಾಟಿನ್ ಪದ ಸಿನಿಸ್. ಅದು ಇಲ್ಲಿ ಎಲ್ಲೂ ಇಲ್ಲ.

ಗೊಂದಲಕ್ಕೆ ಬೂದುಗುಂಬಳವೂ ಒಂದು ಕಾರಣ. ಇಂಗ್ಲಿಷಿನಲ್ಲಿ ಅದು ಆ್ಯಶ್ ಗೋರ್ಡ್, ಮತ್ತು ಅಲ್ಲಿ ಬೂದಿ ನಿಜವೇ: ಬಲಿತ ಕಾಯಿಯ ಮೇಲೆ ಬಿಳಿ ಮೇಣದ ಪುಡಿ ಕೂರುತ್ತದೆ. ಕ್ರಿಕೆಟ್ಟಿನ ಆ್ಯಶಸ್ ಕೂಡ ಬೂದಿಯೇ. 1882ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಸೋತಾಗ, ಸತ್ತ ಇಂಗ್ಲಿಷ್ ಕ್ರಿಕೆಟ್ಟಿನ ಬೂದಿ ಆಸ್ಟ್ರೇಲಿಯಕ್ಕೆ ಹೋಗುತ್ತದೆ ಎಂದು ಪತ್ರಿಕೆಯೊಂದು ಅಣಕು ಶ್ರದ್ಧಾಂಜಲಿ ಬರೆಯಿತು. ಆದರೆ ಸ್ಟಂಪ್ ಮಾಡುವ ಆ್ಯಶ್ ಮಾತ್ರ ಮರ.

ಇನ್ನು ಸುಡುವ ವಿಷಯ. ಯಾವ ಸೌದೆಯೇ ಆಗಲಿ, ಪೂರ್ತಿ ಉರಿದರೆ ಉಳಿಯುವುದು ಬಿಳಿಚಿಕೊಂಡ ಬೂದಿ, ಮುಖ್ಯವಾಗಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣಗಳು. ಕಪ್ಪಗೆ ಕಂಡರೆ ಅದರಲ್ಲಿ ಇದ್ದಲು ಉಳಿದಿದೆ: ಒಲೆಗೆ ಗಾಳಿ ಸಾಲಲಿಲ್ಲ, ಇಲ್ಲವೇ ಸೌದೆ ಹಸಿಯಾಗಿತ್ತು. ಮರದ ಜಾತಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಕಪ್ಪು ಯಾವುದು? ಚಳಿಗಾಲದಲ್ಲಿ ಎಲೆಮೊಗ್ಗುಗಳು ಕಡುಕಂದು, ಹೆಚ್ಚುಕಡಿಮೆ ಕಪ್ಪು. ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಕಟ್ಟಿಗೆ ಕೂಡ, ಇದರ ಹತ್ತಿರದ ಸಂಬಂಧಿ ಬಿಳಿ ಆ್ಯಶ್‌ನ ಚೇಗಿಗಿಂತ ಕಂದು. ಅದಕ್ಕೇ ಅಮೆರಿಕದ ಮೇನ್ ರಾಜ್ಯದಲ್ಲಿ ಇದೇ ಮರ ಬ್ರೌನ್ ಆ್ಯಶ್. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಆ್ಯಶ್ ಮರವನ್ನು ‘ಆಗಿಮಾಕ್’ ಎನ್ನುತ್ತಾರೆ, ಹಿಮದ ಮೇಲೆ ನಡೆಯುವ ಪಾದುಕೆಯ ಮರ ಎಂದರ್ಥ. ಬಣ್ಣಕ್ಕಿಂತ ಬಳಕೆ ಹೇಳುವ ಆ ಹೆಸರೇ ನನಗೆ ಹೆಚ್ಚು ಇಷ್ಟ.

ಮರ ಇರುವುದು ಪೂರ್ವ ಕೆನಡಾ ಮತ್ತು ಅಮೆರಿಕದ ಈಶಾನ್ಯದ ಜೌಗು ನೆಲದಲ್ಲಿ. ಒಂದು ಎಲೆಗೆ 7ರಿಂದ 13 ಕಿರುಎಲೆ. ತುದಿಯದನ್ನು ಬಿಟ್ಟು ಉಳಿದವಕ್ಕೆ ತೊಟ್ಟಿಲ್ಲ. ಬಿಳಿ ಆ್ಯಶ್‌ನಿಂದ ಬೇರೆ ಮಾಡಿ ಗುರುತಿಸಲು ಇದೇ ಖಚಿತ ದಾರಿ. ನಮ್ಮ ಮಲ್ಲಿಗೆ, ಪಾರಿಜಾತ ಇದೇ ಕುಟುಂಬದವು.

ಇದರ ನಿಜವಾದ ಹೆಚ್ಚುಗಾರಿಕೆ ಬುಟ್ಟಿ. ವಸಂತದಲ್ಲಿ ಬೆಳೆಯುವ ಕಟ್ಟಿಗೆಯ ಪದರದಲ್ಲಿ ದೊಡ್ಡ ರಂಧ್ರಗಳು, ಬೇಸಿಗೆಯ ಪದರ ಗಟ್ಟಿ. ಅಲ್ಲಿನ ಮೂಲನಿವಾಸಿಗಳಾದ ವಬನಾಕಿ, ಮೊಹಾಕ್ ಜನರ ಬುಟ್ಟಿಗಾರರು ಗಂಟಿಲ್ಲದ ನೇರ ಕಾಂಡ ಆರಿಸಿ, ತೊಗಟೆ ಸುಲಿದು, ಕೊಡಲಿಯ ಹಿಂಬದಿಯಿಂದ ಉದ್ದಕ್ಕೂ ಒಂದಿಂಚೂ ಬಿಡದೆ ಬಡಿಯುತ್ತಾರೆ. ರಂಧ್ರದ ಪದರ ಪುಡಿಯಾಗಿ, ಒಂದು ವರ್ಷದ ಬೆಳವಣಿಗೆ ಒಂದು ಪಟ್ಟಿಯಾಗಿ ಕಳಚಿ ಬರುತ್ತದೆ. ಅದನ್ನು ಮತ್ತೆ ಸೀಳಿ, ಹೆರೆದು ನಯಮಾಡಿ, ಬೇಕಾದ ಅಗಲಕ್ಕೆ ಕತ್ತರಿಸಿ, ನೀರಿನಲ್ಲಿ ನೆನೆಸಿ ಹೆಣೆಯುವುದು. ಕಾಂಡ ಒಣಗಿದರೆ ಪದರ ಬಿಡುವುದಿಲ್ಲ, ಅದಕ್ಕೇ ದಿಮ್ಮಿಯನ್ನು ನೀರಿನಲ್ಲಿ ಮುಳುಗಿಸಿಡುತ್ತಾರೆ. ಮರ ತೀರಾ ನಿಧಾನ ಬೆಳೆದಿದ್ದರೆ ಪಟ್ಟಿ ತೆಳ್ಳಗಾಗಿ ಹರಿಯುತ್ತದೆ; ಗಂಟಿದ್ದರೆ ಅಲ್ಲೇ ಮುರಿಯುತ್ತದೆ.

ಈಗ ಮರಕ್ಕೇ ಕುತ್ತು ಬಂದಿದೆ. ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಕೊರಕ ದುಂಬಿ 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪತ್ತೆಯಾಯಿತು. ಮರಿಹುಳು ತೊಗಟೆಯ ಕೆಳಗೆ ಅಂಕುಡೊಂಕಾಗಿ ಕೊರೆದು ಆಹಾರ ಹರಿಯುವ ದಾರಿಯನ್ನೇ ಕಡಿಯುತ್ತದೆ. ಅಳಿವಿನಂಚಿನ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಮರವೀಗ ‘ತೀವ್ರ ಅಪಾಯ’ದ ವರ್ಗದಲ್ಲಿದೆ.

ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಅಂಗಡಿಯಲ್ಲಿ ಸ್ಪೀಕರಿಗೋ ಟಿವಿ ಸ್ಟ್ಯಾಂಡಿಗೋ ‘ಬ್ಲ್ಯಾಕ್ ಆ್ಯಶ್’ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಬಣ್ಣದ ಹೆಸರು. ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ (ಮರದ ನಾರು, ಹೊಟ್ಟು ಒತ್ತಿ ಮಾಡಿದ ಹಲಗೆ) ಮೇಲೆ ಆ್ಯಶ್ ಗೆರೆಗಳನ್ನು ಅಚ್ಚು ಹಾಕಿದ ಕಪ್ಪು ಹಾಳೆ, ಹೆಚ್ಚೆಂದರೆ ಕಪ್ಪು ಬಳಿದ ಬೇರೆ ಆ್ಯಶ್‌ನ ವಿನಿಯರ್, ಅಂದರೆ ಮರದ ತೆಳು ಹಾಳೆ. ಹಿಂಬದಿಯಲ್ಲಿ ಸ್ಕ್ರೂ ತೂತಿನ ಒಳಗೆ ನೋಡಿ: ಹೊಟ್ಟು ಒತ್ತಿದಂತಿದ್ದರೆ ಬೋರ್ಡು. ಮುಂಬದಿಯಲ್ಲಿ ಗೆರೆಗಳ ಒಂದೇ ವಿನ್ಯಾಸ ಎರಡು ಕಡೆ ಕಂಡರೆ ಅಚ್ಚು. ಮರದ ಬೆಲೆ ಕೇಳಿದರೆ ಕೊಡಬೇಡಿ.